ಡೇರೆ ಗಿಡ ಸವರಿದ ಮೇಲೆ ಹೂ ಕೈಕೊಟ್ಟರೆ: ಬಿಸಿಲೂರಿನವರಿಗೆ ದೋಷ ನಿವಾರಣೆ ಕೈಪಿಡಿ

ನನ್ನ ತವರು ಶಿರಸಿಯ ಕಡೆ. ಪೇಟೆಯವರು ಡೇಲಿಯಾ ಎನ್ನುವ ಹೂವಿಗೆ ಅಲ್ಲಿ ಡೇರೆ ಎಂದೇ ಹೆಸರು. ಮಳೆ ಹಿಡಿಯುವ ಹೊತ್ತಿಗೆ ಗಡ್ಡೆ ಹೂತರೆ ಚೌತಿಯಿಂದ ನವರಾತ್ರಿಯವರೆಗೆ ಅಂಗಳ ತುಂಬಿರುತ್ತದೆ. ಮದುವೆಯಾಗಿ ಕೊಪ್ಪಳಕ್ಕೆ ಬಂದ ಮೇಲೆ ಆಯಿ ಕೊಟ್ಟ ಏಳು ಗಡ್ಡೆಗಳನ್ನು ಆಯಿ ಹೇಳಿದ ತಿಂಗಳಲ್ಲೇ ನೆಟ್ಟೆ. ಆಯಿ ಹೇಳಿದಂತೆಯೇ ಕುಡಿ ಚಿವುಟಿದೆ, ಬುಡದ ಎಲೆ ತೆಗೆದೆ. ಎರಡು ವರ್ಷ ಬರೀ ಸೊಪ್ಪು ಬೆಳೆದೆ. ಮೂರನೆಯ ವರ್ಷ ಕಾಂಡ ಕೊಳೆಯಿತು. ನಾಲ್ಕನೆಯ ವರ್ಷದಿಂದ ಹೂ ಬರುತ್ತಿದೆ. ಆಯಿಯ ಮಾತಿನಲ್ಲಿ ತಪ್ಪಿರಲಿಲ್ಲ, ಆದರೆ ಅದು ಶಿರಸಿಯ ಮಳೆಗೆ ಹೇಳಿದ ಮಾತು.

ಡೇರೆ ಹೇಗೆ ನೆಡಬೇಕು ಎಂಬುದನ್ನು ಇಲ್ಲಿ ಹೇಳುತ್ತಿಲ್ಲ. ನೆಟ್ಟು, ಕತ್ತರಿ ಆಡಿಸಿ, ಈಗ ಗಿಡದ ಮುಂದೆ ನಿಂತು ತಲೆ ಕೆರೆದುಕೊಳ್ಳುತ್ತಿರುವ ಕೊಪ್ಪಳ, ರಾಯಚೂರು, ಬಳ್ಳಾರಿಯ ಕಡೆಯವರಿಗಾಗಿ ಇದು. ನಿಮ್ಮ ಗಿಡದಲ್ಲಿ ಕಾಣುವ ಲಕ್ಷಣ ಯಾವುದೋ ಆ ಭಾಗಕ್ಕೆ ನೇರವಾಗಿ ಹೋಗಬಹುದು. ಮೊದಲ ಭಾಗವನ್ನು ಮಾತ್ರ ಬಿಡಬೇಡಿ.

ಗಾಯ ನೋಡಿದ ಮೇಲೆ ಕತ್ತರಿ

ಗಿಡ ಕೆಟ್ಟಿತೆಂದ ಕೂಡಲೇ ಇನ್ನೊಂದಿಷ್ಟು ಕತ್ತರಿಸುವುದು ನಮ್ಮೆಲ್ಲರ ಚಾಳಿ. ಒಂದು ದಿನ ಕತ್ತರಿಯನ್ನು ಎತ್ತಿಟ್ಟು ಕಾಂಡವನ್ನು ಬುಡದಿಂದ ತುದಿಯವರೆಗೆ ನೋಡಿ. ಡೇರೆಯ ಎಲೆಗಳು ಜೋಡಿಜೋಡಿಯಾಗಿ ಎದುರುಬದುರು ಇರುತ್ತವೆ. ಪ್ರತಿ ಜೋಡಿ ಇರುವಲ್ಲಿ ಒಂದು ಗೆಣ್ಣು, ಆ ಗೆಣ್ಣಿನ ಎರಡೂ ಎಲೆಕಂಕುಳಲ್ಲಿ ಒಂದೊಂದು ಚಿಗುರಿನ ಕಣ್ಣು. ನೀವು ಕತ್ತರಿಸಿದ ಜಾಗಗಳು ಒಣಗಿದ ಗುರುತುಗಳಾಗಿ ಉಳಿದಿರುತ್ತವೆ.

ಮೂರು ಸಂಗತಿ ಗಮನಿಸಿ. ಗಾಯ ಗೆಣ್ಣಿನ ಹತ್ತಿರವಿದೆಯೋ, ಎರಡು ಗೆಣ್ಣುಗಳ ನಡುವಿದೆಯೋ? ಗಾಯದ ಅಂಚು ಒಣಗಿ ಕಂದಾಗಿದೆಯೋ, ಮೆತ್ತಗೆ ಕಪ್ಪಾಗಿದೆಯೋ? ಒಂದೇ ರೆಂಬೆಯಲ್ಲಿ ಎಷ್ಟು ಗಾಯಗಳಿವೆ? ಇದರ ಜೊತೆಗೆ ಕತ್ತರಿಸಿದ ತಾರೀಖು ನಿಮ್ಮ ಬಳಿ ಇರಬೇಕು. ನಾನು ಗೋಡೆಯ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ‘ಡೇ. ಕು.’ ಎಂದು ಬರೆಯುತ್ತೇನೆ, ಅಂದರೆ ಡೇರೆ ಕುಡಿ. ಹಾಲಿನವನಿಗೆ ಅದೇನೆಂದು ಇಂದಿಗೂ ಅರ್ಥವಾಗಿಲ್ಲ. ಆದರೆ ನನ್ನ ಅರ್ಧ ದೋಷಗಳು ಪತ್ತೆಯಾದದ್ದು ಆ ಎರಡಕ್ಷರದಿಂದಲೇ.

ಪೊದೆಯಂತೆ ಬೆಳೆದಿದೆ, ಮೊಗ್ಗು ಮಾತ್ರ ಇಲ್ಲ

ನಮ್ಮ ಭಾಗದಲ್ಲಿ ಹೆಚ್ಚು ಕಾಣುವ ದೂರು ಇದೇ. ರೆಂಬೆಯ ತುದಿಗಳನ್ನು ನೋಡಿ. ತುದಿತುದಿಯಲ್ಲೂ ಗಾಯದ ಗುರುತಿದ್ದು, ಒಂದೇ ರೆಂಬೆಯಲ್ಲಿ ಎರಡು ಮೂರು ಸಲ ಚಿವುಟಿದ ಲಕ್ಷಣವಿದ್ದರೆ ತಪ್ಪು ಕೈಯದು. ಗಿಡ ಮೊಗ್ಗು ಕಟ್ಟುವುದು ರೆಂಬೆಯ ತುದಿಯಲ್ಲಿ. ಕುಡಿ ಚಿವುಟಿದಾಗ ಕಂಕುಳಿನ ಕಣ್ಣು ಎದ್ದು, ರೆಂಬೆಯಾಗಿ, ಎಲೆ ಬಿಟ್ಟು, ಮೊಗ್ಗು ಕಟ್ಟಿ ಅರಳಲು ಆರರಿಂದ ಎಂಟು ವಾರ ಬೇಕು. ಪ್ರತಿ ಸಲ ಚಿವುಟಿದಾಗಲೂ ಈ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ಮಲೆನಾಡಿನಲ್ಲಾದರೆ ಹೀಗೆ ಎರಡು ಸಲ ತಡವಾದರೂ ನಡೆಯುತ್ತದೆ. ಇಲ್ಲಿ ಡೇರೆಗೆ ಸಿಗುವ ತಂಪಿನ ಕಿಟಕಿ ಬಹಳ ಕಿರಿದು. ಹಗಲಿನ ತಾಪ 30 ಡಿಗ್ರಿ ದಾಟುತ್ತ ಹೋದಂತೆ ಹೂ ಚಿಕ್ಕದಾಗುತ್ತದೆ, 35ರ ಆಸುಪಾಸಿಗೆ ಮೊಗ್ಗುಗಳೇ ಒಣಗಿ ಉದುರುತ್ತವೆ. ಮಾರ್ಚ್ ಹೊತ್ತಿಗೆ ನಮ್ಮಲ್ಲಿ ಆಟ ಮುಗಿದಂತೆಯೇ. ಆದ್ದರಿಂದ ಲೆಕ್ಕವನ್ನು ಹಿಂದಿನಿಂದ ಹಾಕಬೇಕು. ನಾನು ಹುಬ್ಬೆ ಮಳೆ ಮುಗಿಯುವ ಹೊತ್ತಿಗೆ, ಸೆಪ್ಟೆಂಬರ್ ಎರಡನೆಯ ವಾರದಲ್ಲಿ, ಗಡ್ಡೆ ಹೂಳುತ್ತೇನೆ. ಎರಡು ಮೂರು ವಾರಕ್ಕೆ ಮೊಳಕೆ. ಸೀಗಿ ಹುಣ್ಣಿಮೆಯ ಆಸುಪಾಸಿಗೆ ಗಿಡ ಒಂದಡಿಯಿಂದ ಒಂದೂಕಾಲಡಿ ಎತ್ತರವಾಗಿ ನಾಲ್ಕೈದು ಜೋಡಿ ಎಲೆ ಬಿಟ್ಟಿರುತ್ತದೆ. ಆಗ ಒಂದೇ ಸಲ, ಮೂರು ಅಥವಾ ನಾಲ್ಕು ಜೋಡಿ ಎಲೆ ಉಳಿಸಿ ಕುಡಿ ಚಿವುಟುತ್ತೇನೆ. ಮೂರು ಜೋಡಿ ಉಳಿಸಿದರೆ ಆರು ರೆಂಬೆ, ನಾಲ್ಕು ಉಳಿಸಿದರೆ ಎಂಟು. ಡಿಸೆಂಬರ್ ಮಧ್ಯದ ಹೊತ್ತಿಗೆ ಮೊದಲ ಹೂ. ಜನವರಿಯಲ್ಲಿ ಗವಿಮಠದ ಜಾತ್ರೆಗೆಂದು ನೆಂಟರು ಬಂದಿಳಿಯುವಾಗ ಅಂಗಳದಲ್ಲಿ ಹೂ ಇರುತ್ತದೆ. ಅದಕ್ಕಿಂತ ಹೆಚ್ಚು ಏನು ಬೇಕು?

ದೀಪಾವಳಿ ಕಳೆದ ಮೇಲೆ ಕುಡಿ ಮುಟ್ಟಬೇಡಿ. ನವೆಂಬರ್ ಕೊನೆಗೆ ಚಿವುಟಿದವರು ಜನವರಿ ಕೊನೆಯವರೆಗೆ ಕಾಯುತ್ತಾರೆ, ಅಷ್ಟರಲ್ಲಿ ಬಿಸಿಲು ಬಂದು ಬಾಗಿಲಲ್ಲಿ ನಿಂತಿರುತ್ತದೆ. ಈ ಮಾತು ನನ್ನ ತಲೆಗೆ ಹೊಕ್ಕದ್ದು ಅತ್ತೆಯಿಂದ. ಅವರ ತವರು ಯಲಬುರ್ಗಾ ಕಡೆಯ ಎರೆಹೊಲ. ಹಿಂಗಾರಿಯ ಕಡಲೆಯ ಕುಡಿ ಚಿವುಟಿ ಬೆಳೆದ ಕೈ ಅವರದು, ಆ ಕುಡಿಯ ಹುಳಿ ಬೆರಳಿನಿಂದ ಬೇಗ ಹೋಗುವುದಿಲ್ಲ ಎಂದು ಈಗಲೂ ಹೇಳುತ್ತಾರೆ. ಮೊಗ್ಗು ಕಾಣಿಸಿಕೊಂಡಿದ್ದ ಡೇರೆಯನ್ನು ನಾನು ಚಿವುಟುತ್ತಿದ್ದಾಗ ನೋಡಿ, ‘ಹೂ ಕಟ್ಟಿದ ಮೇಲೆ ಕಡಲೆಯ ಕುಡಿ ಯಾರಾದರೂ ಚಿವುಟುತ್ತಾರೇನವ್ವಾ?’ ಎಂದು ಕೇಳಿದರು. ಡೇರೆಯನ್ನು ಅವರು ಅದಕ್ಕೆ ಮೊದಲು ಬೆಳೆದವರೇ ಅಲ್ಲ.

ತುದಿಗಳು ಇಡಿಯಾಗಿದ್ದು, ಗಾಯವೇ ಇಲ್ಲದೆ, ಎಲೆ ಕಡುಹಸಿರಾಗಿ ದಪ್ಪಗಿದ್ದರೆ ಬೇರೆ ಕಡೆ ಹುಡುಕಿ. ಹೊಲಕ್ಕೆ ತಂದ ಯೂರಿಯಾದಲ್ಲಿ ಒಂದು ಹಿಡಿ ಕುಂಡಕ್ಕೂ ಬಿದ್ದಿರುತ್ತದೆ. ಸಾರಜನಕ ಹೆಚ್ಚಾದರೆ ಡೇರೆ ಎಲೆಯ ಮೇಲೆ ಎಲೆ ಹಾಕುತ್ತದೆ, ಹೂವಿನ ನೆನಪೇ ಅದಕ್ಕಿರುವುದಿಲ್ಲ. ಅದಕ್ಕೆ ಕತ್ತರಿ ಮದ್ದಲ್ಲ, ಕತ್ತರಿಸಿದಷ್ಟೂ ಸೊಪ್ಪು ಚಿಗುರುತ್ತದೆ. ಯೂರಿಯಾ ನಿಲ್ಲಿಸಿ, ಕುಂಡದ ತೂತಿನಿಂದ ಹರಿದು ಹೋಗುವಷ್ಟು ನೀರು ಎರಡು ಸಲ ಹಾಯಿಸಿ, ಮೊಗ್ಗು ಬರುವ ಕಾಲಕ್ಕೆ ಪೊಟ್ಯಾಷ್ ಇರುವ ಗೊಬ್ಬರ ಕೊಡಿ. ಪೊಟ್ಯಾಷ್ ಎಂದ ಕೂಡಲೇ ಒಲೆಯ ಬೂದಿ ಸುರಿಯುವವರಿದ್ದಾರೆ. ನಮ್ಮ ಎರೆಮಣ್ಣು ಮೊದಲೇ ಕ್ಷಾರದ ಕಡೆ ವಾಲಿದ್ದು, ಬೂದಿ ಬಿದ್ದರೆ ಇನ್ನಷ್ಟು ವಾಲುತ್ತದೆ. ಬೂದಿಯನ್ನು ಪಾತ್ರೆ ತಿಕ್ಕಲು ಇಟ್ಟುಕೊಳ್ಳಿ.

ಗಾಯವೂ ಇಲ್ಲ, ಯೂರಿಯಾವೂ ಇಲ್ಲ, ರೆಂಬೆ ಸಣಕಲಾಗಿ ಒಂದೇ ಕಡೆ ವಾಲುತ್ತಿದೆ ಎಂದರೆ ಬೆಳಕು ಸಾಲುತ್ತಿಲ್ಲ. ದಿನಕ್ಕೆ ಆರು ಗಂಟೆಯ ಬಿಸಿಲು ಬೇಕು, ಅದು ಬೆಳಗಿನದಾದರೆ ಒಳ್ಳೆಯದು. ಕುಂಡವನ್ನು ಸರಿಸಿ.

ಕತ್ತರಿಸಿದ ಕಾಂಡ ಮೇಲಿನಿಂದ ಕಪ್ಪಾಗುತ್ತ ಇಳಿಯುತ್ತಿದೆ

ನನ್ನ ಮೂರನೆಯ ವರ್ಷದ ಕಥೆ ಇದು. ಬಲಿತ ಡೇರೆಯ ಕಾಂಡ ಒಳಗೆ ಟೊಳ್ಳು, ಹೆಚ್ಚುಕಡಿಮೆ ಬೊಂಬಿನ ಹಾಗೆ: ಗೆಣ್ಣಿನಲ್ಲಿ ಗಟ್ಟಿ ಪೊರೆ, ಎರಡು ಗೆಣ್ಣುಗಳ ನಡುವೆ ಕೊಳವೆ. ನಡುವೆ ಕತ್ತರಿಸಿದರೆ ಉಳಿಯುವುದು ಬಾಯಿ ತೆರೆದ ಲೋಟ. ಅದರಲ್ಲಿ ಚಿತ್ತೆ ಮಳೆಯ ನೀರೋ, ನಾವು ಪೈಪಿನಿಂದ ಮೇಲಿಂದ ಸುರಿಯುವ ನೀರೋ ನಿಲ್ಲುತ್ತದೆ. ಹಗಲು ಅದು ಬಿಸಿಯಾಗುತ್ತದೆ. ಕೊಳೆ ಅಲ್ಲಿಂದಲೇ ಶುರು. ಗೆಣ್ಣಿನ ಪೊರೆ ಗಟ್ಟಿಯಾಗಿದ್ದರೆ ಅಲ್ಲಿಗೆ ನಿಲ್ಲುತ್ತದೆ. ಇಲ್ಲದಿದ್ದರೆ ಗಡ್ಡೆಯ ಕುತ್ತಿಗೆಯವರೆಗೂ ಇಳಿಯುತ್ತದೆ.

ಪರೀಕ್ಷೆ ಸುಲಭ. ಕಪ್ಪಾದ ಭಾಗದ ಕೆಳಗಿನ ಗೆಣ್ಣಿನ ಹತ್ತಿರ ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿ. ಗಟ್ಟಿಯಿದ್ದರೆ ಅಲ್ಲಿಗೆ ಕತ್ತರಿಸಬಹುದು, ಮೆತ್ತಗಿದ್ದರೆ ಇನ್ನೊಂದು ಗೆಣ್ಣು ಕೆಳಗಿಳಿಯಿರಿ. ಕತ್ತರಿಸಿದ ಮುಖ ಬಿಳಿ ಅಥವಾ ತಿಳಿಹಸಿರಾಗಿ ಕಾಣುವವರೆಗೆ ನಿಲ್ಲಿಸಬೇಡಿ. ಕಂದು ಉಂಗುರ ಕಂಡರೆ ಕೊಳೆ ಇನ್ನೂ ಇದೆ. ಕಡಿತ ಗೆಣ್ಣಿನಿಂದ ಅರ್ಧ ಬೆರಳಷ್ಟು ಮೇಲೆ, ನೀರು ಜಾರುವಂತೆ ಓರೆಯಾಗಿ ಇರಲಿ. ಪ್ರತಿ ಕಡಿತಕ್ಕೂ ಬ್ಲೇಡನ್ನು ಸ್ಪಿರಿಟಿನಲ್ಲಿ ಒರೆಸಿ.

ಕೊಳೆ ಮಣ್ಣಿನ ಮಟ್ಟಕ್ಕೆ ಬಂದಿದ್ದರೆ ಗಡ್ಡೆ ತೆಗೆದು ನೋಡುವುದೊಂದೇ ದಾರಿ. ಕೊಳೆತದ್ದನ್ನು ಕೊಯ್ದು ಎಸೆದು, ಗಟ್ಟಿಯಿರುವುದನ್ನು ಎರಡು ದಿನ ನೆರಳಲ್ಲಿ ಒಣಗಿಸಿ ಬೇರೆ ಮಣ್ಣಿಗೆ ಹಾಕಿ. ಹೀಗೆ ಏಳರಲ್ಲಿ ಮೂರನ್ನು ಉಳಿಸಿಕೊಂಡೆ.

ಮುಂದಿನ ಸಲ ಇದಾಗದಿರಲು ಕುಡಿ ಎಳೆಯದಾಗಿದ್ದಾಗಲೇ ಚಿವುಟಬೇಕು. ಎಳೆಯ ತುದಿಯಲ್ಲಿ ಕಾಂಡ ಇನ್ನೂ ತುಂಬಿಕೊಂಡಿರುತ್ತದೆ, ಕತ್ತರಿಯ ಗೊಡವೆಯೇ ಬೇಡ, ಹೆಬ್ಬೆರಳು ತೋರುಬೆರಳು ಸಾಕು. ಗಿಡ ಎರಡಡಿಯಾದ ಮೇಲೆ ನೆನಪಾಗಿ ಅರ್ಧಕ್ಕೆ ಕತ್ತರಿಸುವವರಿಗೇ ಈ ಲೋಟದ ಪಾಡು. ಮಳೆ ಮೋಡವಿರುವ ದಿನ ಕತ್ತರಿಸಬೇಡಿ. ಬೆಳಗಿನ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮುನ್ನ ಮುಗಿಸಿ.

ಎರೆಮಣ್ಣಿನ ಅಂಗಳದವರಿಗೆ ಒಂದು ಮಾತು. ಉತ್ತರೆ ಹಸ್ತೆ ಹಿಡಿದು ಸುರಿದರೆ ಎರೆಮಣ್ಣು ದಿನಗಟ್ಟಲೆ ನೀರು ಬಿಡುವುದಿಲ್ಲ. ಅಂಥಲ್ಲಿ ಕಾಂಡ ಬುಡದಿಂದ ಮೇಲಕ್ಕೆ ಕಪ್ಪಾಗುತ್ತದೆ. ದಿಕ್ಕು ನೋಡಿ: ಮೇಲಿನಿಂದ ಕೆಳಕ್ಕೆ ಬಂದರೆ ಕಡಿತದ ತಪ್ಪು, ಕೆಳಗಿನಿಂದ ಮೇಲಕ್ಕೆ ಹೋದರೆ ನೀರಿನ ತಪ್ಪು. ಎರಡನೆಯದಕ್ಕೆ ಏರು ಮಡಿ ಮಾಡಿ, ಮಸಾರಿ ಮಣ್ಣು, ಮರಳು, ಕೊಟ್ಟಿಗೆ ಗೊಬ್ಬರ ಬೆರೆಸಿ ನೆಡಬೇಕು.

ಚಿವುಟಿದರೂ ಕವಲೊಡೆಯಲಿಲ್ಲ

ಹತ್ತು ದಿನ ಕಾಯಿರಿ. ಆಮೇಲೂ ಒಂದೇ ಬದಿ ಚಿಗುರಿದ್ದರೆ ಕುಡಿಯ ಜೊತೆ ಇನ್ನೊಂದು ಬದಿಯ ಕಣ್ಣನ್ನೂ ಉಗುರಿನಿಂದ ಕಿತ್ತಿದ್ದೀರಿ. ಚಿಂತೆಯಿಲ್ಲ, ಕೆಳಗಿನ ಜೋಡಿ ಎದ್ದೇಳುತ್ತದೆ. ಎರಡೂ ಬದಿ ಸುಮ್ಮನಿದ್ದು ಎಲೆ ಮಧ್ಯಾಹ್ನ ಜೋತು ಬೀಳುತ್ತಿದ್ದರೆ ಬಾಯಾರಿದೆ ಎಂದರ್ಥ. ಚಿವುಟುವ ಹಿಂದಿನ ಸಂಜೆ ನೀರು ಕೊಡುವುದು ಒಳ್ಳೆಯ ರೂಢಿ.

ಹೂವೇನೋ ಬಂತು, ಚಿಕ್ಕದು, ನಡುವೆ ಹಳದಿ ಕಣ್ಣು

ತುಂಬುದಳದ ಜಾತಿಯಲ್ಲಿ ನಡುವಿನ ಹಳದಿ ಭಾಗ ತೆರೆದು ಕಾಣುತ್ತಿದ್ದರೆ ಕಾರಣ ಒಂದೇ ಆಗಿರಬೇಕಿಲ್ಲ.

ರೆಂಬೆಯ ತುದಿಯಲ್ಲಿ ಸಾಮಾನ್ಯವಾಗಿ ಮೂರು ಮೊಗ್ಗು ಬರುತ್ತವೆ: ನಡುವೆ ದೊಡ್ಡದು, ಎರಡು ಪಕ್ಕ ಚಿಕ್ಕವು. ಮೂರನ್ನೂ ಬಿಟ್ಟರೆ ಮೂರೂ ಚಿಕ್ಕವೇ. ಪಕ್ಕದವು ಕಡಲೆ ಕಾಳಿನಷ್ಟಾದಾಗ ಬೆರಳಿನಿಂದ ಪಕ್ಕಕ್ಕೆ ಬಾಗಿಸಿ ಮುರಿಯಬೇಕು. ಅದರ ಕೆಳಗಿನ ಒಂದೆರಡು ಗೆಣ್ಣುಗಳಲ್ಲಿ ಏಳುವ ಚಿಗುರನ್ನೂ ತೆಗೆದರೆ ಹೂವಿನ ತೊಟ್ಟು ಉದ್ದವಾಗುತ್ತದೆ. ತಟ್ಟೆಯಗಲದ ಜಾತಿಗೆ ಇದು ಬೇಕೇ ಬೇಕು, ಅಂಥ ಗಿಡದಲ್ಲಿ ನಾಲ್ಕೈದು ರೆಂಬೆಗಿಂತ ಹೆಚ್ಚು ಬಿಡಲೂಬಾರದು. ಚೆಂಡಿನಂಥ ಪುಟ್ಟ ಹೂವಿನ ಜಾತಿಗೆ ಈ ಶಿಕ್ಷೆ ಬೇಡ, ಅದರ ಚಂದವೇ ಗೊಂಚಲಿನಲ್ಲಿದೆ. ಬಳ್ಳಾರಿಯಲ್ಲಿರುವ ಗೆಳತಿಯೊಬ್ಬಳು ಎಲ್ಲ ಜಾತಿಗೂ ಪಕ್ಕದ ಮೊಗ್ಗು ಮುರಿದು, ಗಿಡಕ್ಕೆ ಐದೇ ಪುಟ್ಟ ಹೂ ಪಡೆದು, ನರ್ಸರಿಯವನೊಂದಿಗೆ ಜಗಳವಾಡಿದ್ದಳು. ಗಡ್ಡೆ ಸರಿಯಾಗಿಯೇ ಇತ್ತು.

ಮುರಿದದ್ದು ಸರಿಯಿದ್ದೂ ಹೂ ತೆರೆದುಕೊಂಡಿದ್ದರೆ ಕ್ಯಾಲೆಂಡರ್ ನೋಡಿ. ಡೇರೆ ಮೆಕ್ಸಿಕೊದ ಬೆಟ್ಟನೆಲದ ಗಿಡ, ಹಗಲಿನ ಉದ್ದ ನೋಡಿ ನಡೆಯುತ್ತದೆ. ಹಗಲು 12ರಿಂದ 14 ಗಂಟೆ ಇರುವಾಗ ಕಟ್ಟಿದ ಮೊಗ್ಗಿನಲ್ಲಿ ದಳ ತುಂಬಿರುತ್ತದೆ. ಅದಕ್ಕಿಂತ ಕಿರಿದಾದರೆ ಗಿಡ ಗಡ್ಡೆ ತುಂಬಿಸಿಕೊಳ್ಳುವ ಕಡೆ ತಿರುಗುತ್ತದೆ, ದಳ ಕಡಿಮೆಯಾಗುತ್ತದೆ. ಕೊಪ್ಪಳದಲ್ಲಿ ಡಿಸೆಂಬರ್ ಕೊನೆಯ ಹಗಲು ಸುಮಾರು ಹನ್ನೊಂದೂಕಾಲು ಗಂಟೆ ಮಾತ್ರ. ತಡವಾಗಿ ಚಿವುಟಿದವರ ಮೊಗ್ಗು ಕಟ್ಟುವುದು ಆ ದಿನಗಳಲ್ಲೇ. ಸಂಜೆ ವರಾಂಡದ ಬಲ್ಬಿನ ಬೆಳಕು ಬೀಳುವ ನನ್ನ ಎರಡು ಕುಂಡಗಳು ಉಳಿದವಕ್ಕಿಂತ ತುಂಬಿದ ಹೂ ಕೊಡುತ್ತವೆ. ಅದು ಬಲ್ಬಿನ ಪುಣ್ಯವೆಂದೇ ನನ್ನ ನಂಬಿಕೆ. ವ್ಯಾಪಾರಕ್ಕೆ ಬೆಳೆಯುವವರು ಕೆಲವರು ರಾತ್ರಿ ದೀಪ ಹಾಕುವುದೂ ಇದಕ್ಕೇ.

ಫೆಬ್ರವರಿಯ ನಂತರದ ಹೂ ಹೀಗಾದರೆ ಅದು ತಾಪದ್ದು. ಮಧ್ಯಾಹ್ನದ ಹೊತ್ತಿಗೆ ಹಸಿರು ನೆರಳು ಪರದೆ ಕಟ್ಟಿ, ಬುಡಕ್ಕೆ ಒಣ ಹುಲ್ಲು ಹಾಸಿ. ಒಂದೆರಡು ವಾರ ಹೆಚ್ಚು ಸಿಗಬಹುದು.

ಮೊದಲ ಸುತ್ತು ಅರಳಿ ನಿಂತುಬಿಟ್ಟಿತು

ಬಾಡಿದ ಹೂ ಗಿಡದಲ್ಲೇ ಉಳಿದಿದೆಯೇ ನೋಡಿ. ಬೀಜ ಕಟ್ಟಲು ಶುರುವಾದರೆ ಗಿಡಕ್ಕೆ ಹೊಸ ಮೊಗ್ಗಿನ ಆಸೆ ಇರುವುದಿಲ್ಲ. ಬಾಡಿದ್ದೆಲ್ಲ ತೆಗೆದಿದ್ದೇನೆ ಎನ್ನುವವರು ತೆಗೆದದ್ದು ಏನೆಂದು ಇನ್ನೊಮ್ಮೆ ನೋಡಬೇಕು. ದಳ ಉದುರಿದ ಹೂವೂ ಮೊಗ್ಗೂ ಅಣ್ಣತಮ್ಮಂದಿರಂತೆ ಕಾಣುತ್ತವೆ. ಮೊಗ್ಗು ಅಂಗಿಯ ಗುಂಡಿಯಂತೆ ದುಂಡಗೆ, ಗಟ್ಟಿಯಾಗಿರುತ್ತದೆ. ಬಾಡಿದ ಹೂ ಶಂಕುವಿನಂತೆ ಮುಂದಕ್ಕೆ ಚೂಪಾಗಿರುತ್ತದೆ, ಒತ್ತಿದರೆ ಮೆತ್ತಗೆ, ಒಮ್ಮೊಮ್ಮೆ ನೀರೂ ಒಸರುತ್ತದೆ. ನಮ್ಮ ಮಗ ಒಂದು ಭಾನುವಾರ ಸಹಾಯ ಮಾಡುತ್ತೇನೆಂದು ಹನ್ನೊಂದು ಮೊಗ್ಗು ಕತ್ತರಿಸಿ ಬಟ್ಟಲಲ್ಲಿ ತಂದಿಟ್ಟ. ಅಂದಿನಿಂದ ಒತ್ತಿ ನೋಡದೆ ಯಾರೂ ಕತ್ತರಿಸುವ ಹಾಗಿಲ್ಲ.

ಇನ್ನೊಂದು ತಪ್ಪು ಕತ್ತರಿಸುವ ಜಾಗದ್ದು. ಬಾಡಿದ ತಲೆಯನ್ನಷ್ಟೇ ಚಿವುಟಿದರೆ ಬೋಳು ತೊಟ್ಟು ಉಳಿಯುತ್ತದೆ, ಮೇಲ್ಗಡೆಯ ಸಣ್ಣ ಕಣ್ಣುಗಳಿಂದ ಗಿಡ್ಡ ತೊಟ್ಟಿನ ಹೂ ಬರುತ್ತದೆ. ತೊಟ್ಟು ಹಿಡಿದು ಕೆಳಗಿಳಿದು, ದಪ್ಪ ಎಲೆಜೋಡಿ ಸಿಗುವಲ್ಲಿ ಅದರ ಮೇಲೆ ಕತ್ತರಿಸಿ. ಕೈ ನಡುಗುತ್ತದೆ, ನಡುಗಲಿ. ಹೂದಾನಿಗೆ ಕೊಯ್ಯುವಾಗಲೂ ಹೀಗೆಯೇ. ಮುಕ್ಕಾಲು ಅರಳಿದ ಹೂವನ್ನು ಬೆಳಗಿನ ತಂಪಿನಲ್ಲಿ ಕೊಯ್ಯಬೇಕು, ಮೊಗ್ಗಾಗಿ ಕೊಯ್ದದ್ದು ನೀರಿನಲ್ಲಿ ಅರಳುವುದಿಲ್ಲ.

ಬುಡದ ಎಲೆ ತೆಗೆದೆ, ಗಿಡ ಸೊರಗಿತು

ಗಾಳಿಯಾಡಲಿ ಎಂದು ಬುಡದಿಂದ ಒಂದಡಿ ಎಲೆ ಬೋಳಿಸುವುದು ಮಲೆನಾಡಿನಲ್ಲಿ ಸರಿ. ಅಲ್ಲಿ ಎಲೆ ವಾರಗಟ್ಟಲೆ ಒದ್ದೆಯಾಗಿರುತ್ತದೆ. ನಮ್ಮಲ್ಲಿ ಆ ಎಲೆಗಳೇ ಬುಡಕ್ಕೆ ಕೊಡೆ. ತೆಗೆದರೆ ಪಡುವಣ ಬಿಸಿಲು ನೇರ ಕಾಂಡಕ್ಕೆ ಬಡಿದು ಆ ಬದಿ ಸುಟ್ಟ ಪಟ್ಟೆ ಬೀಳುತ್ತದೆ, ಮಣ್ಣು ಕಾದು ಮೇಲಿನ ಬೇರು ಬಾಡುತ್ತದೆ. ಮಣ್ಣಿಗೆ ತಾಗುವ ಒಂದು ಜೋಡಿ, ಹಳದಿಯಾದವು, ರೋಗ ಬಂದವು ಇಷ್ಟೇ ತೆಗೆಯಿರಿ. ಯಾವ ಕಾರಣಕ್ಕೂ ಒಂದೇ ಸಲ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೇಡ.

ಚಳಿಗಾಲದಲ್ಲಿ ಎಲೆಯ ಮೇಲೆ ಬಿಳಿ ಹಿಟ್ಟು ಉದುರಿಸಿದಂತೆ ಕಾಣುವುದು ಬೂದಿ ರೋಗ. ಅಂಥ ಎಲೆಗಳನ್ನು ಆರಿಸಿ ತೆಗೆದು ಮನೆಯಿಂದ ದೂರ ಹಾಕಿ, ನೀರಿನಲ್ಲಿ ಕರಗುವ ಗಂಧಕವನ್ನು ಪೊಟ್ಟಣದ ಮೇಲೆ ಬರೆದ ಅಳತೆಗೆ ಬೆರೆಸಿ ಸಿಂಪಡಿಸಿ. ಬಿಸಿಲು ಏರಿದ ದಿನಗಳಲ್ಲಿ ಗಂಧಕ ಎಲೆಯನ್ನೇ ಸುಡುತ್ತದೆ, ಆದ್ದರಿಂದ ಫೆಬ್ರವರಿ ನಂತರ ಅದರ ಸಹವಾಸ ಬೇಡ. ಬೇಸಿಗೆ ಹತ್ತಿರವಾದಾಗ ಎಲೆ ಕಂಚಿನ ಬಣ್ಣಕ್ಕೆ ತಿರುಗಿ ಅಡಿಯಲ್ಲಿ ಸಣ್ಣ ಬಲೆ ಕಂಡರೆ ಅದು ನುಸಿ. ಎಲೆಯ ಅಡಿಭಾಗಕ್ಕೆ ನೀರು ರಭಸವಾಗಿ ಹೊಡೆದರೆ ಅರ್ಧ ಹೋಗುತ್ತವೆ.

ಕತ್ತರಿಯ ಮೇಲೆ ಸುಮ್ಮನೆ ಹೊರೆಸುವ ತಪ್ಪುಗಳು

ಎಲೆಯಂಚು ಸುತ್ತಲೂ ಸುಟ್ಟಂತೆ ಕಂದಾಗಿ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪಿನ ಪದರ ಕಂಡರೆ ಅದು ಬೋರಿನ ನೀರು. ರಾಯಚೂರಿನಲ್ಲಿರುವ ನಾದಿನಿಯ ಕುಂಡಗಳೆಲ್ಲ ಹೀಗಿದ್ದವು. ಮಳೆನೀರು ಹಿಡಿದಿಟ್ಟು, ಅಥವಾ ನಲ್ಲಿಗೆ ಹೊಳೆಯ ನೀರು ಬಂದ ದಿನ, ಕುಂಡದ ಗಾತ್ರದ ಎರಡರಷ್ಟು ನೀರು ಹಾಯಿಸಿ ತೊಳೆಯುವಂತೆ ಹೇಳಿದೆ. ಹೊಸ ಎಲೆ ಸರಿಯಾಗಿ ಬಂತು, ಸುಟ್ಟದ್ದು ಸುಟ್ಟಂತೆಯೇ ಉಳಿಯಿತು.

ನರಗಳ ಗುಂಟ ಹಳದಿ ಪಟ್ಟೆ, ಮುದುಡಿದ ಎಲೆ, ಗಿಡ್ಡ ಗಿಡ ಇದ್ದರೆ ಮೊಸಾಯಿಕ್ ನಂಜು ರೋಗವಿರಬಹುದು. ಸಸ್ಯಹೇನು ಅದನ್ನು ಹರಡುತ್ತದೆ, ಗಡ್ಡೆಯಲ್ಲೂ ಅದು ಮುಂದಿನ ವರ್ಷಕ್ಕೆ ದಾಟುತ್ತದೆ. ಸವರಿದರೆ ವಾಸಿಯಾಗುವುದಿಲ್ಲ. ಗಡ್ಡೆ ಸಮೇತ ಕಿತ್ತು ಹಾಕಿ, ಅದನ್ನು ಮುಟ್ಟಿದ ಕತ್ತರಿಯನ್ನು ಒರೆಸದೆ ಪಕ್ಕದ ಗಿಡಕ್ಕೆ ಹಾಕಬೇಡಿ.

ಕಡೆಯ ಕಡಿತ, ಮತ್ತು ಚಿಗುರದ ಗಡ್ಡೆ

ಹೂ ಮುಗಿಯಿತೆಂದು ಫೆಬ್ರವರಿಯಲ್ಲೇ ಗಿಡವನ್ನು ಬೋಳಿಸಿದರೆ ಅದರ ಫಲ ಸೆಪ್ಟೆಂಬರಿನಲ್ಲಿ ಕಾಣುತ್ತದೆ: ಗಡ್ಡೆ ಬೆರಳುಗಾತ್ರ, ಮೊಳಕೆ ಇಲ್ಲ. ಎಲೆ ತಾನಾಗಿ ಹಳದಿಯಾಗುವವರೆಗೆ ಗಡ್ಡೆ ತುಂಬುತ್ತಲೇ ಇರುತ್ತದೆ. ನೀರು ಕಡಿಮೆ ಮಾಡುತ್ತ ಬಂದು, ಒಣಗಿದ ಮೇಲೆ ಮಣ್ಣಿನಿಂದ ಒಂದು ಗೇಣು ಕಾಂಡ ಬಿಟ್ಟು ಕತ್ತರಿಸಿ, ನಾಲ್ಕೈದು ದಿನ ಬಿಟ್ಟು ಅಗೆಯಿರಿ. ಕಾಂಡ ಹಿಡಿದು ಎಳೆಯಬೇಡಿ, ಗಡ್ಡೆಯ ಕುತ್ತಿಗೆ ಮುರಿಯುತ್ತದೆ.

ಆ ಕುತ್ತಿಗೆಯಲ್ಲೇ ಎಲ್ಲ ಇರುವುದು. ಆಲೂಗಡ್ಡೆಗೆ ಮೈಯೆಲ್ಲ ಕಣ್ಣು. ಡೇರೆಯ ಕಣ್ಣಿರುವುದು ಗಡ್ಡೆ ಕಾಂಡಕ್ಕೆ ಸೇರುವ ಗಂಟಿನಲ್ಲಿ ಮಾತ್ರ. ಆ ಗಂಟಿನ ಚೂರಿಲ್ಲದೆ ಬೇರ್ಪಡಿಸಿದ ಗಡ್ಡೆ ಎಷ್ಟೇ ದಪ್ಪವಿದ್ದರೂ ಚಿಗುರುವುದಿಲ್ಲ, ಮಣ್ಣಿನಲ್ಲಿ ತಿಂಗಳುಗಟ್ಟಲೆ ಗಟ್ಟಿಯಾಗಿ ಬಿದ್ದುಕೊಂಡು ಆಸೆ ತೋರಿಸುತ್ತದೆ ಅಷ್ಟೆ. ನಾನು ಈಗ ಅಗೆದ ಕೂಡಲೇ ಬೇರ್ಪಡಿಸುವುದಿಲ್ಲ. ಇಡೀ ಗೊಂಚಲನ್ನು ಮಣ್ಣಿನ ಗಡಿಗೆಯಲ್ಲಿ, ಕೈಗೆ ತಂಪು ತಾಗುವಷ್ಟೇ ಪಸೆಯಿರುವ ಮರಳಿನಲ್ಲಿ ಹುದುಗಿಸಿ ಅತ್ತೆಯ ಕೋಣೆಯ ಮಂಚದ ಕೆಳಗೆ ಇಡುತ್ತೇನೆ. ಮನೆಯಲ್ಲಿ ತಂಪಾದ ಜಾಗ ಅದೊಂದೇ. ಏಪ್ರಿಲ್, ಮೇ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ತೆಗೆದು ನೋಡಿ, ಸುಕ್ಕಾಗಿದ್ದರೆ ಮರಳಿಗೆ ಒಂದು ಲೋಟ ನೀರು ಚಿಮುಕಿಸುತ್ತೇನೆ. ಆಗಸ್ಟ್ ಕೊನೆಗೆ ಗಂಟಿನ ಮೇಲೆ ಕೆಂಪು ಚುಕ್ಕೆಯಂತೆ ಕಣ್ಣು ಉಬ್ಬಿ ಕಾಣತೊಡಗುತ್ತದೆ. ಕಣ್ಣು ನೋಡಿಕೊಂಡು ಆಗ ಕೊಯ್ಯುತ್ತೇನೆ.